ಪುರಭವನವಿದೆ, ಪುರಸಭೆಯಿಲ್ಲ

ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಹೋದವರು ವಾಲ್ಟ್ ಡಿಸ್ನಿ ವರ್ಲ್ಡ್ ನೋಡದೆ ಬರುವುದುಂಟೇ? ಆದರೆ ಅದರ ಪಕ್ಕದಲ್ಲೇ, ಕೆಲವೇ ಮೈಲಿಗಳ ಅಂತರದಲ್ಲಿ, ಅದೇ ಕಂಪನಿ ಕಟ್ಟಿಸಿದ ಊರೊಂದಿದೆ. ಅಲ್ಲಿಗೆ ಹೋಗುವವರು ಕಡಿಮೆ. ಊರಿನ ಹೆಸರು ಸೆಲೆಬ್ರೇಷನ್. ಕನ್ನಡದಲ್ಲಿ ಹೇಳುವುದಾದರೆ 'ಸಂಭ್ರಮ'!

ಹೆಸರಿಗೆ ತಕ್ಕ ಊರೇ. ನಡುವೆ ಕೊಳ, ಕೊಳದ ಸುತ್ತ ನಡೆದಾಡಲು ದಾರಿ, ತಾಳೆ ಮರಗಳ ಸಾಲಿನ ಪೇಟೆ ಬೀದಿ, ಜಗುಲಿ ಇರುವ ಮನೆಗಳು. ಚರಂಡಿಯ ಮುಚ್ಚಳದ ಮೇಲೂ ಚಿತ್ರವಿದೆ: ಜುಟ್ಟಿನ ಹುಡುಗಿ ಸೈಕಲ್ ತುಳಿಯುತ್ತಿದ್ದಾಳೆ, ಹಿಂದೆ ನಾಯಿ ಓಡುತ್ತಿದೆ. ಹಿಮವನ್ನೇ ಕಾಣದ ಈ ಸೀಮೆಯಲ್ಲಿ ಕ್ರಿಸ್ಮಸ್ ಹೊತ್ತಿಗೆ ಪೇಟೆ ಬೀದಿಯಲ್ಲಿ ಪ್ರತಿ ಸಂಜೆ ಹಿಮ ಬೀಳುತ್ತದೆ. ಅದು ಸೋಪಿನ ನೊರೆ ಎಂದು ಮಕ್ಕಳಿಗೂ ಗೊತ್ತು. ಕುಣಿಯುವುದಕ್ಕೆ ಅದೇನೂ ಅಡ್ಡಿಯಲ್ಲ.

ಕಟ್ಟಡಗಳನ್ನು ರೂಪಿಸಿದವರು ಸಾಮಾನ್ಯರಲ್ಲ. ಅಂಚೆ ಕಚೇರಿ ಮೈಕೆಲ್ ಗ್ರೇವ್ಸ್ ಅವರದು, ಚಿತ್ರಮಂದಿರ ಸೀಸರ್ ಪೆಲ್ಲಿ ಅವರದು. ಪುರಭವನವನ್ನು ರೂಪಿಸಿದವರು ಫಿಲಿಪ್ ಜಾನ್ಸನ್. ಅದರ ಮುಂದೆ 52 ಬಿಳಿ ಕಂಬಗಳು. ನಮ್ಮ ಕಡೆಯ ಗುಡಿಗಳ ಮುಖಮಂಟಪ ಕಂಡವರಿಗೂ ಇಷ್ಟು ಇಕ್ಕಟ್ಟಾದ ಕಂಬಗಳ ಗುಂಪು ವಿಚಿತ್ರವೆನಿಸೀತು, ಬಾಗಿಲನ್ನು ಹುಡುಕಬೇಕು!

ಹುಡುಕಿ ಒಳಗೆ ಹೋದರೆ ಏನಿತ್ತು? ಮೇಯರ್ ಇರಲಿಲ್ಲ, ಆಯ್ಕೆಯಾದ ಸದಸ್ಯರೂ ಇರಲಿಲ್ಲ. ಕಾನೂನಿನ ಕಣ್ಣಿಗೆ ಸೆಲೆಬ್ರೇಷನ್ ಇಂದಿಗೂ ಪಟ್ಟಣವಲ್ಲ, ಆಸಿಯೋಲಾ ಕೌಂಟಿಯ ಒಂದು ಬಡಾವಣೆ ಅಷ್ಟೆ. ಬೀದಿ, ಉದ್ಯಾನ, ಕೊಳಗಳನ್ನು ನೋಡಿಕೊಳ್ಳುವುದು ಮನೆ ಮಾಲೀಕರ ಸಂಘ. ಊರು ಹುಟ್ಟಿದಾಗ ಆ ಸಂಘದ ಲಗಾಮು ಮನೆ ಮಾಲೀಕರ ಕೈಯಲ್ಲಿರಲಿಲ್ಲ, ಊರು ಕಟ್ಟಿದ ಕಂಪನಿಯ ಕೈಯಲ್ಲಿತ್ತು.

ಇದರ ಹಿಂದೊಂದು ಜಾಣ ಲೆಕ್ಕಾಚಾರವಿದೆ. 1967ರಲ್ಲಿ ಫ್ಲಾರಿಡಾ ಸರ್ಕಾರ ಡಿಸ್ನಿಯ ಜಮೀನಿಗೆಂದೇ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ವಲಯವನ್ನು ರಚಿಸಿತ್ತು. (2023ರಲ್ಲಿ ಅದರ ಹೆಸರೂ ಆಡಳಿತ ಮಂಡಳಿಯೂ ಬದಲಾದವು.) ಅಲ್ಲಿ ಆಗ ಭೂಮಿಯ ಒಡೆಯರಿಗೆ ಮತವಿತ್ತು. ಸೆಲೆಬ್ರೇಷನ್‌ನ ನಿವೇಶನಗಳನ್ನು ಮಾರುವ ಮೊದಲೇ ಆ ಜಮೀನನ್ನು ವಲಯದಿಂದ ಹೊರಗಿಡಲಾಯಿತು. ಮನೆ ಕೊಂಡವರು ನಾಳೆ ಮತದಾರರಾಗಿ ಎದುರು ಬಂದು ಕೂತರೆ?

1995ರ ನವೆಂಬರಿನಲ್ಲಿ ಮೊದಲ ಮನೆಗಳಿಗೆ ಚೀಟಿ ಎತ್ತಿದಾಗ ಸಾವಿರಾರು ಜನ ಬಂದಿದ್ದರು. 1996ರ ಜೂನ್‌ನಲ್ಲಿ ಮೊದಲ ಸಂಸಾರಗಳು ಗೃಹಪ್ರವೇಶ ಮಾಡಿದವು. ಕೊಂಡವರು ಸಹಿ ಹಾಕಿದ ಕರಾರಿನಲ್ಲಿ ಬೀದಿಗೆ ಕಾಣುವ ಕಿಟಕಿ ಪರದೆ ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣದ್ದೇ ಇರಬೇಕೆಂದಿತ್ತು. ಪತ್ರಿಕೆಗಳು ಪರದೆಯ ವಿಚಾರಕ್ಕೇ ನಕ್ಕವು. ನಿಜಕ್ಕೂ ಗಮನಿಸಬೇಕಾದದ್ದು ಬೇರೆಯಿತ್ತು: ಊರಿನಲ್ಲಿ ಕಂಪನಿಗೆ ತುಂಡು ಭೂಮಿ ಉಳಿದಿರುವವರೆಗೂ ಅದರ ಒಪ್ಪಿಗೆಯಿಲ್ಲದೆ ಸಂಘದ ನಿಯಮ ತಿದ್ದುವಂತಿರಲಿಲ್ಲ.

ಬಿಸಿ ಮೊದಲು ತಟ್ಟಿದ್ದು ಶಾಲೆಯಲ್ಲಿ. ಅನೇಕರು ಈ ಊರಿಗೆ ಬಂದದ್ದೇ ಶಾಲೆಯನ್ನು ನಂಬಿ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುವುದು, ಅಂಕಪಟ್ಟಿಯ ಬದಲು ಶಿಕ್ಷಕರ ವಿವರಣೆ—ಹೀಗೆ ಎಲ್ಲ ಹೊಸತು. ಮಗು ಎಷ್ಟು ಕಲಿತಿದೆ ಎಂದು ತಿಳಿಯುವುದು ಹೇಗೆ ಎಂದು ಕೆಲವು ಪೋಷಕರು ಕೇಳಿದರು. ಅದರಲ್ಲಿ ತಪ್ಪೇನು? ಬೇಸತ್ತು ಹೊರಡಲು ನಿಂತವರಿಗೆ ಕರಾರು ಅಡ್ಡ ಬಂತು: ಮೊದಲ ವರ್ಷದಲ್ಲೇ ಮನೆ ಮಾರಿ ಲಾಭ ಮಾಡುವಂತಿಲ್ಲ. ಹೊರಡುವ ಕಾರಣವನ್ನು ಯಾರಿಗೂ ಹೇಳುವುದಿಲ್ಲ ಎಂದು ಬರೆದುಕೊಟ್ಟರೆ ಈ ಷರತ್ತನ್ನು ಸಡಿಲಿಸುವುದಾಗಿ ಕಂಪನಿ ಹೇಳಿದ್ದು ಆಗ ದೊಡ್ಡ ಸುದ್ದಿಯಾಯಿತು. ಶಾಲೆಯ ಮೇಲಾದರೂ ಕೌಂಟಿಯ ಚುನಾಯಿತ ಶಿಕ್ಷಣ ಮಂಡಳಿಯಿತ್ತು. ಸಂಘದ ಮೇಲೆ ಅಂಥ ಯಾರೂ ಇರಲಿಲ್ಲ.

ಬಿಲ್ಡರ್ ಕೈಯಲ್ಲಿ ಸಂಘವಿರುವುದೇ ಅನ್ಯಾಯ ಎನ್ನಲಾಗದು. ಅರ್ಧ ಕಟ್ಟಿದ ಊರನ್ನು ಮೊದಲು ಬಂದ ಹತ್ತು ಮನೆಯವರು ನಡೆಸಲಾರರು. ತೊಡಕು ಇರುವುದು ಬೇರೆಡೆ. ಮನೆ ಬೇಗ ಮಾರಾಟವಾಗಲೆಂದು ಬಿಲ್ಡರ್ ತಿಂಗಳ ವಂತಿಗೆಯನ್ನು ಕಡಿಮೆ ಇಡಬಹುದು. ಮುಂದೆ ರಸ್ತೆ, ಸೂರು ರಿಪೇರಿಗೆ ಬಂದಾಗ ನಿಧಿ ಬರಿದು. ತಾನೇ ಕಟ್ಟಿದ ಗೋಡೆ ಬಿರುಕು ಬಿಟ್ಟರೆ ಸಂಘದ ಪರವಾಗಿ ದೂರು ಕೊಡಬೇಕಾದವನೂ ಅವನೇ, ಉತ್ತರ ಹೇಳಬೇಕಾದವನೂ ಅವನೇ!

ಇದಕ್ಕೆ ಫ್ಲಾರಿಡಾದ ಈಗಿನ ಕಾನೂನು ಗಡಿ ಹಾಕಿದೆ. ಅರ್ಧದಷ್ಟು ನಿವೇಶನಗಳು ಮಾರಾಟವಾದರೆ ಮಾಲೀಕರು ಮಂಡಳಿಗೆ ತಮ್ಮವರೊಬ್ಬರನ್ನಾದರೂ ಆರಿಸಬಹುದು. ಶೇ. 90ರಷ್ಟು ಮಾರಾಟವಾಗಿ ಮೂರು ತಿಂಗಳಾದರೆ ಬಹುಮತ ಅವರದು. ಆಮೇಲೆ 90 ದಿನಗಳೊಳಗೆ ಬಿಲ್ಡರ್ ನಕ್ಷೆ, ಕ್ರಯಪತ್ರ, ಲೆಕ್ಕಪುಸ್ತಕ, ವಿಮೆ, ಗುತ್ತಿಗೆ ಕಾಗದಗಳನ್ನೆಲ್ಲ ತನ್ನ ಖರ್ಚಿನಲ್ಲಿ ಒಪ್ಪಿಸಬೇಕು.

ಅಲ್ಲಿಯವರೆಗೆ ಮಾಲೀಕ ಕೈಕಟ್ಟಿ ಕೂರಬೇಕೇ? ಬೇಕಿಲ್ಲ. ಮಂಡಳಿಯ ಸಭೆಯ ನೋಟಿಸನ್ನು 48 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಸದಸ್ಯ ಹೋಗಿ ಕೂರಬಹುದು, ಮಾತನಾಡಬಹುದು. ಲಿಖಿತವಾಗಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಲೆಕ್ಕಪತ್ರ ತೋರಿಸಬೇಕು. ಈ ಹಕ್ಕುಗಳು ಬಿಲ್ಡರ್ ಆಳುತ್ತಿರುವಾಗಲೂ ಇವೆ. ಬಾಯಲ್ಲಿ ಕೇಳಿ ಸುಮ್ಮನಾಗುವವರೇ ಹೆಚ್ಚು, ಕಾಗದ ಬರೆಯುವವರು ಕಡಿಮೆ. ಬಿಲ್ಡರಿಗೆ ಅನುಕೂಲವಾಗುವುದು ಅಲ್ಲೇ.

ಸೆಲೆಬ್ರೇಷನ್‌ನಲ್ಲಿ ಈಗ ಮನೆ ಮಾಲೀಕರ ಸಂಘದ ಮಂಡಳಿಯನ್ನು ನಿವಾಸಿಗಳೇ ಆರಿಸುತ್ತಾರೆ. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ ಸುಮಾರು 11 ಸಾವಿರ. ಪೇಟೆ ಬೀದಿಯ ಕತೆ ಬೇರೆ. ಅಲ್ಲಿನ ಕಟ್ಟಡಗಳನ್ನು ಡಿಸ್ನಿ 2004ರಲ್ಲಿ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿತು. ಅಂಗಡಿಗಳ ಮೇಲಿನ ಅಪಾರ್ಟ್‌ಮೆಂಟ್‌ಗಳನ್ನು ಕೊಂಡವರಿಗೆ ಪ್ರತ್ಯೇಕ ಸಂಘ. ಅದರಲ್ಲಿ ಆ ಸಂಸ್ಥೆಯದೇ ಮೇಲುಗೈ ಎಂಬುದು ಅವರ ದೂರಾಗಿತ್ತು. ಸೂರು ಸೋರುತ್ತಿದೆ, ಮರ ಲಡ್ಡಾಗಿದೆ, ಗೋಡೆಗೆ ಬೂಷ್ಟು ಹಿಡಿದಿದೆ ಎಂದು 2016ರಲ್ಲಿ ಅವರು ಕೋರ್ಟು ಮೆಟ್ಟಿಲು ಹತ್ತಿದರು. ಸೋಪಿನ ಹಿಮ ಬೀಳುವುದು ಅದೇ ಬೀದಿಯಲ್ಲಿ.