ಪ್ರವಾಸದ ದಿನ ಎಲ್ಲಿ ಉಣ್ಣೋಣ?



ಡಿಸೆಂಬರ್ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಶಾಲೆಗೆ ಹೋದರೂ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. "ಸಾರ್, ಈ ಸಲ ಟೂರ್ ಎಲ್ಲಿಗೆ?" ನಾನು ಚಿಕ್ಕವನಿದ್ದಾಗ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತಿದರೆ ಅದೇ ದೊಡ್ಡ ಸಂಭ್ರಮ. ಈಗ ನಿಮಗೆ ಬಿಡದಿಯ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಎಲ್ಲವೂ ಗೊತ್ತು. ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ಯಾವ ಆಟ ಮೊದಲು ಆಡಬೇಕು, ಕಿಟಕಿ ಪಕ್ಕ ಯಾರು ಕೂರಬೇಕು ಎಂದು ನೀವು ವಾರಗಟ್ಟಲೆ ಯೋಚಿಸುತ್ತೀರಿ. ಆದರೆ ಮಧ್ಯಾಹ್ನ ಎಲ್ಲಿ ಉಣ್ಣಬೇಕು ಎಂದು ಎಷ್ಟು ಜನ ಯೋಚಿಸಿದ್ದೀರಿ?

ನಾನೂ ಯೋಚಿಸಿರಲಿಲ್ಲ. ಅದರಿಂದ ಏನಾಯಿತು ಎಂಬುದನ್ನು ಇವತ್ತು ನಿಮಗೆ ಹೇಳುತ್ತೇನೆ.

ಖಾಲಿ ಇದ್ದ ಅಂಗಡಿ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ನಮ್ಮ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. 40 ಮಕ್ಕಳನ್ನು ಕರೆದುಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಒಂದು ಮನರಂಜನಾ ಉದ್ಯಾನಕ್ಕೆ ಹೋದೆವು. ಅದು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ತಪ್ಪು ಉದ್ಯಾನದ್ದಲ್ಲ, ನನ್ನದು.

ಮಧ್ಯಾಹ್ನ ಒಂದೂವರೆ ಆಯಿತು. ಒಳಗಿನ ಹೋಟೆಲಿನ ದರಪಟ್ಟಿ ನೋಡಿದೆ. ಮಕ್ಕಳ ಜೇಬಿನಲ್ಲಿದ್ದ ಹಣಕ್ಕೆ ಅದು ಹೊಂದುವಂತಿರಲಿಲ್ಲ. ಎಲ್ಲರನ್ನೂ ಹೊರಗೆ ರಸ್ತೆ ಬದಿಗೆ ಕರೆತಂದೆ. ಅಲ್ಲಿ ಎರಡು ಗಾಡಿ ಅಂಗಡಿಗಳಿದ್ದವು. ಒಂದರಲ್ಲಿ ಇಡ್ಲಿ, ಸಾಂಬಾರು; ಮುಂದೆ ಉದ್ದನೆಯ ಸಾಲು. ಇನ್ನೊಂದರಲ್ಲಿ ದೋಸೆ, ಫ್ರೈಡ್ ರೈಸ್, ಜನರೇ ಇಲ್ಲ. ನಾನು ಗಡಿಯಾರ ನೋಡಿಕೊಂಡೆ. "ಇಲ್ಲಿಗೇ ಬನ್ನಿ, ಬೇಗ ಮುಗಿಯುತ್ತದೆ" ಎಂದು ಖಾಲಿ ಅಂಗಡಿ ತೋರಿಸಿದೆ.

ಅಂಗಡಿಯಾತ ಬೆಳಿಗ್ಗೆಯೇ ಬೇಯಿಸಿ ಬುಟ್ಟಿಯಲ್ಲಿ ರಾಶಿ ಹಾಕಿದ್ದ ಅನ್ನವನ್ನು ಬಾಣಲೆಗೆ ಹಾಕಿ, ಜೋರು ಉರಿಯಲ್ಲಿ ಹುರಿದು ಕೊಟ್ಟ. ತಟ್ಟೆಯಿಂದ ಹಬೆ ಏಳುತ್ತಿತ್ತು. "ಬಿಸಿ ಇದೆಯಲ್ಲ, ಭಯವಿಲ್ಲ" ಎಂದುಕೊಂಡೆ.

ಸ್ವಲ್ಪ ದೂರದಲ್ಲಿ ಹುಣಸೆ ಮರದ ಕೆಳಗೆ ಒಬ್ಬ ಹುಡುಗಿ ನಮಗೆ ಬೆನ್ನು ಮಾಡಿ ಕುಳಿತಿದ್ದಳು. "ಊಟ ಬೇಡವೇನಮ್ಮಾ?" ಎಂದೆ. "ಹಸಿವಿಲ್ಲ ಸಾರ್" ಎಂದಳು. ಅವಳ ಮಡಿಲಲ್ಲಿ ಬಟ್ಟೆಯ ಗಂಟಿತ್ತು. ಅದರೊಳಗೆ ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿಪುಡಿ. ಕೊಳ್ಳಲು ಹಣವಿರಲಿಲ್ಲ, ಮನೆಯ ರೊಟ್ಟಿ ತಿನ್ನುವುದನ್ನು ಗೆಳತಿಯರು ನೋಡಬಾರದೆಂದು ಮರೆಯಾಗಿ ಕುಳಿತಿದ್ದಳು.

ನಾಲ್ಕೂವರೆಗೆ ಬಸ್ಸು ಹೊರಟಿತು. ಐದಕ್ಕೆ ಮೊದಲ ಹುಡುಗ ವಾಂತಿ ಮಾಡಿದ. ಬಸ್ಸಿನ ಓಲಾಟ ಎಂದುಕೊಂಡೆ. ಆರು ಗಂಟೆಯ ಹೊತ್ತಿಗೆ ಒಂಬತ್ತು ಮಕ್ಕಳು ವಾಂತಿ ಮಾಡುತ್ತಿದ್ದರು. ದಾರಿಯಲ್ಲಿ ಸಿಕ್ಕ ಸರ್ಕಾರಿ ಆಸ್ಪತ್ರೆಗೆ ಬಸ್ಸು ತಿರುಗಿಸಿದೆವು.

ಪಟ್ಟಿ ಬರೆದ ಹುಡುಗಿ

ಮಕ್ಕಳನ್ನು ಪರೀಕ್ಷಿಸಿದ ವೈದ್ಯರು ನನಗೊಂದು ಕೆಲಸ ಹೇಳಿದರು. "ಯಾರು ಏನು ತಿಂದರು, ಯಾರಿಗೆ ವಾಂತಿ ಆಯಿತು, ಪಟ್ಟಿ ಮಾಡಿ ಕೊಡಿ. ವಾಂತಿ ಆಗದವರದ್ದೂ ಬೇಕು." ನನ್ನ ಕೈ ನಡುಗುತ್ತಿತ್ತು. ರೊಟ್ಟಿ ತಿಂದ ಆ ಹುಡುಗಿಯೇ ನೋಟ್‌ಪುಸ್ತಕ ತೆಗೆದು, ಸೀಟಿನಿಂದ ಸೀಟಿಗೆ ಹೋಗಿ ಎಲ್ಲರನ್ನೂ ಕೇಳಿ ಬರೆದಳು. ಅವಳ ಪಟ್ಟಿ ಹೀಗಿತ್ತು:

ಫ್ರೈಡ್ ರೈಸ್ ತಿಂದವರು 12, ವಾಂತಿ ಆದವರು 9.
ಅದೇ ಅಂಗಡಿಯಲ್ಲಿ ದೋಸೆ ತಿಂದವರು 14, ವಾಂತಿ ಆದವರು ಯಾರೂ ಇಲ್ಲ.
ಪಕ್ಕದ ಅಂಗಡಿಯಲ್ಲಿ ಇಡ್ಲಿ ತಿಂದವರು 8, ವಾಂತಿ ಆದವರು ಯಾರೂ ಇಲ್ಲ.
ಮನೆಯ ಬುತ್ತಿ ತಿಂದವರು 6, ವಾಂತಿ ಆದವರು ಯಾರೂ ಇಲ್ಲ.

ಪಟ್ಟಿ ನೋಡಿದ ಕೂಡಲೇ ನಿಮಗೇ ಉತ್ತರ ಹೊಳೆಯುತ್ತದೆ, ಅಲ್ಲವೆ? ನೀರಲ್ಲ, ಬಸ್ಸಿನ ಓಲಾಟವಲ್ಲ, ಇಡೀ ಅಂಗಡಿಯೂ ಅಲ್ಲ. ಆ ಅನ್ನದ ಮೇಲೆಯೇ ಅನುಮಾನ. ಕಾಯಿಲೆ ಬಿದ್ದವರನ್ನು ಮಾತ್ರ ಕೇಳಿದ್ದರೆ ಇದು ತಿಳಿಯುತ್ತಿರಲಿಲ್ಲ. ಚೆನ್ನಾಗಿದ್ದವರನ್ನೂ ಕೇಳಿದ್ದರಿಂದಲೇ ತಿಳಿಯಿತು.

1854ರಲ್ಲಿ ಲಂಡನ್ ನಗರದ ಒಂದು ಬಡಾವಣೆಯಲ್ಲಿ ಕಾಲರಾ ಹರಡಿತ್ತು. ಜಾನ್ ಸ್ನೋ ಎಂಬ ವೈದ್ಯರು ಯಾವ ಮನೆಯಲ್ಲಿ ಎಷ್ಟು ಸಾವು ಎಂದು ನಕ್ಷೆಯ ಮೇಲೆ ಗುರುತು ಹಾಕಿದರು. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟ್‌ನ ಒಂದು ಕೈಪಂಪಿನ ಸುತ್ತ ಕೂಡಿದ್ದವು. ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಕಾಲರಾ ರೋಗಾಣು ಯಾವುದೆಂದು ಆಗ ಜನರಿಗೆ ತಿಳಿದಿರಲಿಲ್ಲ. ಆದರೂ ಕೇಳಿ, ಎಣಿಸಿ, ಗುರುತು ಹಾಕಿ ಕಾರಣದ ಹತ್ತಿರ ಹೋದರು. ಆ ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ನಮ್ಮ ಏಳನೇ ತರಗತಿಯ ಹುಡುಗಿ ಮಾಡಿದ್ದೂ ಅದೇ ಕೆಲಸ.

ಬಿಸಿ ಮಾಡಿದರೂ ಏಕೆ ಕೆಟ್ಟಿತು?

ವೈದ್ಯರು ನನಗೆ ವಿವರಿಸಿದ್ದು ಹೀಗೆ. ಮಣ್ಣಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಗಳು ಅಕ್ಕಿಯ ಜೊತೆಗೂ ಬರುತ್ತವೆ. ಅನ್ನ ಕುದಿದರೂ ಈ ಬೀಜಕಗಳೆಲ್ಲ ಸಾಯುವುದಿಲ್ಲ. ನಮ್ಮ ಬೆದ್ದಲು ಹೊಲದಲ್ಲಿ ಹುಲ್ಲಿನ ಬೀಜ ಬೇಸಿಗೆಯೆಲ್ಲ ಬಿಸಿಲಲ್ಲಿ ಬಿದ್ದಿದ್ದು, ಮಳೆ ಬಂದ ಕೂಡಲೇ ಮೊಳೆಯುವುದಿಲ್ಲವೆ? ಹಾಗೆಯೇ ಅನ್ನ ಆರಿ ಉಗುರುಬೆಚ್ಚಗಾದಾಗ ಬೀಜಕಗಳು ಮೊಳೆತು ಬ್ಯಾಕ್ಟೀರಿಯಾ ಬೆಳೆಯತೊಡಗುತ್ತವೆ. ಬೆಳೆಯುತ್ತ ವಿಷ ಉಂಟುಮಾಡುತ್ತವೆ. ಮತ್ತೆ ಹುರಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ವಾಂತಿ ತರಿಸುವ ಆ ವಿಷ ಬಾಣಲೆಯ ಬಿಸಿಗೆ ಹಾಳಾಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನಮ್ಮ ಮಕ್ಕಳಿಗೆ ಆದದ್ದೂ ಹಾಗೆಯೇ. ಅನ್ನವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿರಲಿಲ್ಲ, ಆದರೂ ಲಕ್ಷಣ, ಸಮಯ, ಪಟ್ಟಿ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಒಂದು ಲೆಕ್ಕ ಮಾಡಿ ನೋಡಿ. ಅನುಕೂಲವಾದ ಶಾಖದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದು ಗಂಟೆಯಲ್ಲಿ ಒಂದು 8 ಆಗುತ್ತದೆ. ಎರಡು ಗಂಟೆಯಲ್ಲಿ 64. ನಾಲ್ಕು ಗಂಟೆಯಲ್ಲಿ 4,096. ಆರು ಗಂಟೆಯಲ್ಲಿ 2,62,144! ಬೆಳಿಗ್ಗೆ ಏಳಕ್ಕೆ ಬೆಂದ ಅನ್ನ ಮಧ್ಯಾಹ್ನ ಒಂದರವರೆಗೆ ರಾಶಿಯಾಗಿ ಬಿದ್ದಿದ್ದರೆ ಆರು ಗಂಟೆ ಆಯಿತಲ್ಲವೆ? ನಿಜವಾಗಿ ಬೆಳವಣಿಗೆ ಇಷ್ಟು ನೇರವಾಗಿ ನಡೆಯುವುದಿಲ್ಲ, ಬೀಜಕ ಮೊಳೆಯಲು ಸ್ವಲ್ಪ ಹೊತ್ತು ಬೇಕು. ಆದರೆ ಹೊತ್ತು ಕಳೆದಂತೆ ಅಪಾಯ ಎಷ್ಟು ಬೇಗ ಏರುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸಾಮಾನ್ಯವಾಗಿ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅದಕ್ಕೇ ಬಿಸಿ ಊಟ ಬಿಸಿಯಾಗಿಯೇ ಇರಬೇಕು. ನಿಮ್ಮ ಶಾಲೆಯ ಅಕ್ಷರ ದಾಸೋಹದಲ್ಲಿ ಅಡುಗೆಯವರು ಅದೇ ದಿನ ಬೇಯಿಸಿ, ಶಿಕ್ಷಕರು ರುಚಿ ನೋಡಿದ ಮೇಲೆ ಬಿಸಿಬಿಸಿಯಾಗಿಯೇ ಬಡಿಸುವುದರಲ್ಲಿ ಈ ವಿಜ್ಞಾನವಿದೆ. ರುಚಿ ನೋಡುವುದಷ್ಟೇ ಸಾಲದು ಎಂಬುದನ್ನೂ ನೆನಪಿಡಿ. ನಮ್ಮ ಆ ಫ್ರೈಡ್ ರೈಸ್ ರುಚಿಯಾಗಿಯೇ ಇತ್ತಂತೆ!

ಹಾಗಾದರೆ ಆಯ್ಕೆ ಹೇಗೆ?

ಮೊದಲನೆಯದು, ಸಾಲು ಕಂಡರೆ ಬೇಸರಪಡಬೇಡಿ. ಜನ ಹೆಚ್ಚಿದ್ದಲ್ಲಿ ಆಹಾರ ಬೇಗ ಖರ್ಚಾಗುತ್ತದೆ. ಇಡ್ಲಿ ಕುಕ್ಕರಿನಿಂದ ಇಳಿದು ತಟ್ಟೆಗೆ ಬರಲು ಹತ್ತು ನಿಮಿಷ ಸಾಕು. ಜನರಿಲ್ಲದ ಕಡೆ ಅದೇ ಆಹಾರ ಗಂಟೆಗಟ್ಟಲೆ ಕೂರುತ್ತದೆ. ಆದರೆ ಸಾಲೊಂದನ್ನೇ ನಂಬಬೇಡಿ. ತಟ್ಟೆ ತೊಳೆಯುವ ನೀರು ಹೇಗಿದೆ, ನೊಣ ಕೂರುತ್ತಿದೆಯೇ ಎಂದೂ ನೋಡಿ.

ಎರಡನೆಯದು, "ಬಿಸಿ ಇದೆಯೇ?" ಎಂದಷ್ಟೇ ಕೇಳಬೇಡಿ. "ಯಾವಾಗ ಬೇಯಿಸಿದ್ದು?" ಎಂದು ಕೇಳಿ. ಹಿಟ್ಟು ಹುಯ್ದು ಕಣ್ಣೆದುರಿಗೇ ಬೇಯಿಸಿದ ದೋಸೆ ಬೇರೆ, ಹಳೆಯ ಅನ್ನವನ್ನು ಕಣ್ಣೆದುರಿಗೆ ಬಿಸಿ ಮಾಡಿದ್ದು ಬೇರೆ.

ಮೂರನೆಯದು, ಚಟ್ನಿ. ಕಾಯಿ ಚಟ್ನಿಯಲ್ಲಿ ನೀರಿದೆ, ಪೋಷಕಾಂಶವಿದೆ, ಅದನ್ನು ಬೇಯಿಸಿಲ್ಲ. ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ. ಅದಕ್ಕೇ ಅದು ಬೇಗ ಹಳಸುತ್ತದೆ. ಚಟ್ನಿಪುಡಿಯಲ್ಲಿ ನೀರಿನ ಅಂಶ ಬಹಳ ಕಡಿಮೆ. ಪುಳಿಯೋಗರೆಯಲ್ಲಿ ಹುಣಸೆಯ ಹುಳಿ ಇದೆ. ಒಣಗಿದ್ದರಲ್ಲೂ ಹೆಚ್ಚು ಹುಳಿ ಇದ್ದಲ್ಲೂ ಬಹುತೇಕ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆಯಲಾರವು. ಆ ಹುಡುಗಿಯ ತಾಯಿ ಕಟ್ಟಿಕೊಟ್ಟ ಬುತ್ತಿ ಎಷ್ಟು ಜಾಣತನದ್ದು ನೋಡಿ!

ನಾಲ್ಕನೆಯದು, ಬಣ್ಣ. ಕೆಂಪಗೆ ಹೊಳೆಯುವ ಗೋಬಿ ಮಂಚೂರಿ, ಗುಲಾಬಿ ಬಣ್ಣದ ಬಾಂಬೆ ಮಿಠಾಯಿ ನಿಮ್ಮನ್ನು ಕರೆಯುತ್ತವೆ. ಕೆಲವು ಕಡೆ ಅವುಗಳಿಗೆ ರೋಡಮಿನ್-ಬಿ ಎಂಬ ಬಣ್ಣ ಹಾಕುತ್ತಿದ್ದರು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಈ ಎರಡು ತಿನಿಸುಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಬಾಂಬೆ ಮಿಠಾಯಿ ಬೇಕೇ ಬೇಕೆಂದರೆ ಬಿಳಿಯದನ್ನೇ ಕೇಳಿ.

ಐದನೆಯದು, ನೀರು. ಪಾವಗಡದ ಮಕ್ಕಳಿಗೆ ಫ್ಲೋರೈಡ್ ಬಗ್ಗೆ ನಾನು ಹೇಳಬೇಕಿಲ್ಲ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಫ್ಲೋರೈಡ್ ವರ್ಷಗಟ್ಟಲೆ ಕುಡಿದಾಗ ಹಲ್ಲು, ಮೂಳೆಗೆ ತೊಂದರೆ ಕೊಡುತ್ತದೆ. ರೋಗಾಣುವಿಗೆ ಒಂದು ಲೋಟವೇ ಸಾಕು. ಆದ್ದರಿಂದ ಪ್ರವಾಸದ ದಿನ ಶುದ್ಧ ನೀರಿನ ಘಟಕದ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ. ಊಟಕ್ಕೆ ಮೊದಲು ಸೋಪಿನಿಂದ 20 ಸೆಕೆಂಡು ಕೈ ತೊಳೆಯಿರಿ. ನೀರಾಟದ ಕೊಳದ ನೀರನ್ನು ಬಾಯಿಗೆ ಬಿಡಬೇಡಿ.

ಇನ್ನೊಂದು ಮಾತು. ಹೊಟ್ಟೆ ತುಂಬ ಉಂಡು ಕೂಡಲೇ ಗಿರಗಿರ ತಿರುಗುವ ಆಟ ಹತ್ತಬೇಡಿ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ನಾವು ತಿರುಗಿದಾಗ ಆ ದ್ರವ ಚಲಿಸಿ ಮಿದುಳಿಗೆ ಸುದ್ದಿ ಹೋಗುತ್ತದೆ. ಕಣ್ಣು ಹೇಳುವ ಸುದ್ದಿಯೂ ಕಿವಿ ಹೇಳುವ ಸುದ್ದಿಯೂ ಹೊಂದದಿದ್ದರೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಜೋರಾದ ಆಟ ಮೊದಲು, ಊಟ ಆಮೇಲೆ, ಅದಾದ ಮೇಲೆ ಒಂದು ಗಂಟೆ ನೆರಳಲ್ಲಿ ವಿಶ್ರಾಂತಿ. ಇದು ಒಳ್ಳೆಯ ಕ್ರಮ.

ಮರುದಿನ ಮತ್ತು ಮರುವರ್ಷ

ಆ ರಾತ್ರಿ ಮಕ್ಕಳಿಗೆ ಓಆರ್‌ಎಸ್ ಕುಡಿಸಿದರು. ಇಬ್ಬರಿಗೆ ಡ್ರಿಪ್ ಹಾಕಿದರು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಸಕ್ಕರೆ ಮತ್ತು ಲವಣಗಳ ಇಂಥದೇ ದ್ರಾವಣ ಕುಡಿಸಿ ಬಹಳ ಜನರ ಪ್ರಾಣ ಉಳಿಸಿದ್ದರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಹಾ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬಹುದು. ಅಳತೆ ತಪ್ಪಬಾರದು. ಮತ್ತು ವೈದ್ಯರ ಬಳಿ ಹೋಗುವುದನ್ನು ತಡಮಾಡಬಾರದು.

ಬೆಳಗಾಗುವ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡರು. ಊರಿಗೆ ಬಂದಾಗ ಬಸ್ಸಿನ ಬಳಿ ಕಾದಿದ್ದ ಒಬ್ಬ ತಾಯಿ ಮಗನನ್ನು ತಬ್ಬಿಕೊಂಡು ನನ್ನತ್ತ ನೋಡಿ, "ಓದಿದೋರು ನೀವು, ನಿಮಗೂ ಗೊತ್ತಾಗ್ಲಿಲ್ವಾ ಸಾ?" ಎಂದರು. ಎಂ.ಎಸ್ಸಿ. ಓದಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಬೀಜಕದ ಪಾಠವನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಬಾಣಲೆಯ ಮುಂದೆ ನಿಂತಾಗ ನೆನಪಿಸಿಕೊಳ್ಳಲಿಲ್ಲ.

ಮರುವರ್ಷ ಪ್ರವಾಸಕ್ಕೆ ಮೊದಲು ತರಗತಿಯಲ್ಲೇ ಸಭೆ ಮಾಡಿದೆವು. ಮಕ್ಕಳೇ ತೀರ್ಮಾನಿಸಿದರು. ಎಲ್ಲರೂ ರೊಟ್ಟಿ, ಚಪಾತಿ, ಚಟ್ನಿಪುಡಿಯಂಥ ಒಣ ಬುತ್ತಿ ತರುವುದು. ಉದ್ಯಾನದ ಒಳಗೆ ಬುತ್ತಿ ಬಿಡದಿದ್ದರೆ ಹೊರಗೇ ಒಟ್ಟಿಗೆ ಕುಳಿತು ಉಣ್ಣುವುದು. ಕೈಲಾದಷ್ಟು ಹಣ ಒಂದೇ ಡಬ್ಬಿಗೆ ಹಾಕಿ, ಬೇಯುತ್ತಿರುವ ಒಂದು ಬಿಸಿ ತಿಂಡಿಯನ್ನು ಎಲ್ಲರಿಗೂ ಒಂದೇ ಸಮ ಕೊಳ್ಳುವುದು. ಯಾರು ಎಷ್ಟು ಹಾಕಿದರು ಎಂದು ಯಾರೂ ಕೇಳಲಿಲ್ಲ. ಆ ವರ್ಷ ಯಾರಿಗೂ ವಾಂತಿ ಆಗಲಿಲ್ಲ. ಬೆನ್ನು ಮಾಡಿ ಕುಳಿತು ಉಂಡವರೂ ಯಾರೂ ಇರಲಿಲ್ಲ.

ಮಾಡಿ ನೋಡಿ: ಮಧ್ಯಾಹ್ನದ ಊಟದ ದಿನ ಶಿಕ್ಷಕರ ಸಹಾಯದಿಂದ ಒಂದು ಹಿಡಿ ಬಿಸಿ ಅನ್ನವನ್ನು ತಟ್ಟೆಯಲ್ಲಿ ಹರಡಿ. ಇನ್ನೊಂದಷ್ಟನ್ನು ಆಳವಾದ ಪಾತ್ರೆಯಲ್ಲಿ ಒತ್ತಿ ತುಂಬಿ ಮುಚ್ಚಿಡಿ. ವಿಜ್ಞಾನ ಕಿಟ್‌ನ ಪ್ರಯೋಗಾಲಯ ಥರ್ಮಾಮೀಟರಿನಿಂದ (ಜ್ವರ ನೋಡುವ ಥರ್ಮಾಮೀಟರ್ ಬೇಡ) ಹತ್ತು ನಿಮಿಷಕ್ಕೊಮ್ಮೆ ಎರಡರ ನಡುಭಾಗದ ಶಾಖ ಅಳೆದು ಬರೆಯಿರಿ. ಯಾವುದು ಬೇಗ ಆರಿತು? ರಾಶಿ ಹಾಕಿದ ಅನ್ನ ಎಷ್ಟು ಹೊತ್ತು ಬೆಚ್ಚಗಿತ್ತು? ಈ ಅನ್ನವನ್ನು ತಿನ್ನಬೇಡಿ.

ನಿಮ್ಮ ಅಳತೆಯ ಪಟ್ಟಿಯನ್ನು ನಿಮ್ಮ ಶಿಕ್ಷಕರ ಮೂಲಕ ನನಗೆ ಕಳುಹಿಸಿ. ಪ್ರವಾಸಕ್ಕೆ ಹೋಗಿ ಬಂದ ಮೇಲೆ ನೀವು ಎಲ್ಲಿ ಉಂಡಿರಿ, ಏಕೆ ಅಲ್ಲೇ ಉಂಡಿರಿ ಎಂದೂ ಬರೆಯಿರಿ. ನಿಮ್ಮ ಶಾಲೆಗೆ ಬಂದಾಗ ಮಾತಾಡೋಣ.