ಹಳೆಯ ಒಡಲು

ಸವೆದ ವಸ್ತುವನ್ನು ದುರಸ್ತು ಮಾಡುವವನು ಮೊದಲು ನಿಶ್ಚಯಿಸಬೇಕಾದದ್ದು, ಅದರಲ್ಲಿ ಏನನ್ನು ಉಳಿಸಬೇಕೆಂಬುದನ್ನು. ಜಾನ್ ಬ್ರೌನಿಂಗನು ರೂಪಿಸಿದ ಪಿಸ್ತೂಲನ್ನು ಅಮೆರಿಕಾದ ಸೇನೆಯು 1911ರಲ್ಲಿ ಅಂಗೀಕರಿಸಿತು. 1945ರ ತರುವಾಯ ಸೇನೆಗಾಗಿ ಹೊಸದನ್ನು ಮಾಡಿಸಲಿಲ್ಲ. 1985ರಲ್ಲಿ ಬೇರೊಂದು ಪಿಸ್ತೂಲು ಅದರ ಸ್ಥಾನಕ್ಕೆ ಬಂದಿತು. ಆದರೂ ಮರೀನ್ ದಳದ ಕೆಲವು ತುಕಡಿಗಳು ಹಳೆಯದನ್ನು ಬಿಡಲೊಲ್ಲದೆ ಹೋದವು. ಇದು ಮಮತೆಯೋ ಹಟವೋ ಹೇಳುವುದು ಕಷ್ಟ. ಕ್ವಾಂಟಿಕೊದ ಆಯುಧಕರ್ಮಿಗಳು ಸವೆದ ಪಿಸ್ತೂಲುಗಳನ್ನು ಒಂದೊಂದಾಗಿ ಆರಿಸತೊಡಗಿದರು.

ಈ ಆಯುಧದಲ್ಲಿ ಪ್ರತಿ ಗುಂಡಿಗೂ ಮೇಲ್ಭಾಗವು ಒಡಲಿನ ಗಾಡಿಗಳ ಮೇಲೆ ಹಿಂದಕ್ಕೆ ಜಾರಿ ಮರಳಿ ಮುಂದೆ ಬರುತ್ತದೆ. ವರುಷಗಳು ಉರುಳಿದಂತೆ ಆ ಹಿಡಿತ ಸಡಿಲುತ್ತದೆ, ನಳಿಗೆಯು ಪ್ರತಿಸಾರಿಯೂ ಅದೇ ನೆಲೆಯಲ್ಲಿ ಕೂಡುವುದಿಲ್ಲ, ಗುರಿ ಚದರುತ್ತದೆ. ಆದಕಾರಣ ನಳಿಗೆ ಹೊಸದಾಯಿತು, ಗುರಿಗಣ್ಣು ಹೊಸದಾಯಿತು. ಕೈಯನ್ನು ಕೆರೆಯುತ್ತಿದ್ದ ಅಂಚುಗಳನ್ನು ನಯಗೊಳಿಸಿದರು. ಪುರಾತನ ವಸ್ತುಗಳ ಸಂಗ್ರಾಹಕನು ಕಂಡರೆ ಮರುಗಾನು! ಹಳೆಯ ಮೆರುಗು ಅಳಿದ ಪಿಸ್ತೂಲಿಗೆ ಅವನಲ್ಲಿ ಬೆಲೆ ಕಡಮೆ. ಅದನ್ನು ನಂಬಿ ಕತ್ತಲ ಕೋಣೆಗೆ ನುಗ್ಗುವ ಸೈನಿಕನಿಗೆ ಮೆರುಗಿನ ಚಿಂತೆಯಿಲ್ಲ.

ಉಳಿದದ್ದು ಒಡಲೊಂದೇ. ಆದರೆ ಅಂಕೆಯನ್ನು ಕೆತ್ತಿರುವುದು ಅದರ ಮೇಲೆಯೇ. ಅಲ್ಲಿಯ ಕಾಯಿದೆಯ ಕಣ್ಣಿಗೂ ಪಿಸ್ತೂಲೆಂದರೆ ಅದೇ. ಅಂತಹ ಕೆಲವು ಒಡಲುಗಳು ಅರ್ಧ ಶತಮಾನವನ್ನು ದಾಟಿ ಮತ್ತೆ ಸೈನಿಕರ ಸೊಂಟವನ್ನೇರಿದವು.