ತಂದ, ಹಾಡ್ಲೊ, ಹಾಡ್ಲಿ

ಕಾರವಾರದಿಂದ ಜೊಯಿಡಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಅಣಶಿಯಲ್ಲಿ ಕೊಂಕಣಿ, ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಎರಡರ ಕ್ರಿಯಾಪದಗಳ ಸ್ವಭಾವವೇ ಬೇರೆ.

ಕನ್ನಡದಲ್ಲಿ ರಾಮ ಮಾವು ತಂದ, ಸೀತೆ ತಂದಳು. ಮಾವಿನ ಬದಲು ರೊಟ್ಟಿ ತಂದರೂ ಕ್ರಿಯಾಪದ ಕದಲದು. ಕೊಂಕಣಿಯಲ್ಲಿ ‘ರಾಮಾನ್ ಆಂಬೊ ಹಾಡ್ಲೊ’, ಆದರೆ ‘ರಾಮಾನ್ ಭಾಕ್ರಿ ಹಾಡ್ಲಿ’. ಆಂಬೊ ಪುಲ್ಲಿಂಗ, ಭಾಕ್ರಿ ಸ್ತ್ರೀಲಿಂಗ. ತಂದವಳು ಸೀತೆಯಾದರೂ ಆಂಬೊ ‘ಹಾಡ್ಲೊ’ ಎಂದೇ ಆಗಬೇಕು. ಎಷ್ಟು ಚೆಂದದ ಕಟ್ಟುಪಾಡು! ಸಕರ್ಮಕ ಕ್ರಿಯೆಯ ಭೂತಕಾಲದಲ್ಲಿ ಮರಾಠಿ, ಹಿಂದಿಗಳದೂ ಇದೇ ಜಾಡು. ಅಕರ್ಮಕವಾದರೆ ಮತ್ತೆ ಕರ್ತೃವಿನದೇ ಲಿಂಗ: ‘ತೊ ಗೆಲೊ’, ‘ತಿ ಗೆಲಿ’.

ಅಕ್ಕಪಕ್ಕ ಬಾಳಿದ ಭಾಷೆಗಳು ಕೊಡುಕೊಳ್ಳುತ್ತವೆ. ಕರ್ನಾಟಕದ ಸಾರಸ್ವತರ ಕೊಂಕಣಿಯ ವಾಕ್ಯರಚನೆಯ ಮೇಲೆ ಕನ್ನಡದ ಪ್ರಭಾವವನ್ನು ಭಾಷಾವಿಜ್ಞಾನಿ ಮಂಗೇಶ ನಾಡಕರ್ಣಿ 1975ರಲ್ಲಿ ಉದಾಹರಣೆ ಸಹಿತ ತೋರಿಸಿದರು.